ಎಫ್ ಕಾರ್ಡ್ ಕೂರದಿದ್ದರೆ ನಟ್ ನೋಡಿ

ಗಿಟಾರ್ ಕಲಿಯಲು ಕೂತ ಬಹಳ ಮಂದಿಯ ಉತ್ಸಾಹ ಎಫ್ ಕಾರ್ಡ್ ಹತ್ತಿರ ಬಂದು ನಿಲ್ಲುತ್ತದೆ. ತೋರುಬೆರಳನ್ನು ಮೊದಲ ಮನೆಯಲ್ಲಿ ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಉಳಿದ ಮೂರು ಬೆರಳು ಎರಡನೇ, ಮೂರನೇ ಮನೆಗಳಲ್ಲಿ ಕೂರಬೇಕು. ಎಷ್ಟು ಅದುಮಿದರೂ ಒಂದೆರಡು ತಂತಿ ನಾದ ಬಿಡದೆ ಟಪ್ಪೆಂದು ಸಾಯುತ್ತವೆ, ಮುಂಗೈ ಸೆಳೆಯುತ್ತದೆ. ತಿಂಗಳೊಪ್ಪತ್ತು ಹೀಗೇ ಹೆಣಗಿ, ಇದು ನನ್ನ ಬೆರಳಿಗೆ ಆಗಿಬರುವುದಿಲ್ಲ ಎಂದು ವಾದ್ಯವನ್ನು ಬೀರುವಿನ ಮೇಲೆ ಮಲಗಿಸಿದವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನರ ಬೆರಳಿನಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಗಿಟಾರಿನ ಕುತ್ತಿಗೆಯ ತುದಿಯಲ್ಲಿರುವ ಪುಟ್ಟದೊಂದು ಬಿಳಿ ತುಂಡು ಅರ್ಧ ಮಿಲಿಮೀಟರಿನಷ್ಟು ಎತ್ತರ ಉಳಿದುಬಿಟ್ಟಿರುತ್ತದೆ, ಅಷ್ಟೇ. ಒಂದು ಸಂಜೆಯಲ್ಲಿ ಸರಿಹೋಗುವ ದೋಷಕ್ಕೆ ಒಬ್ಬರ ಸಂಗೀತವೇ ನಿಂತುಹೋಗುವುದು ನನಗೆ ಸಹಿಸಲಾಗದ ಸಂಗತಿ. ಹಾಗಾಗಿ ಈ ಬರಹ.

ಆ ತುಂಡಿಗೆ ನಟ್ ಎನ್ನುತ್ತಾರೆ. ವೀಣೆಯಲ್ಲಿ ಮೇರು ಇರುವ ಜಾಗದಲ್ಲಿ, ಬಿರಡೆಗಳ ತಲೆಗೂ ಫ್ರೆಟ್ ಹಲಗೆಗೂ ನಡುವೆ ಇದು ಕೂತಿರುತ್ತದೆ. ಮೈಮೇಲೆ ಆರು ಸೀಳುಗಳು, ಸೀಳಿಗೊಂದು ತಂತಿ. ಒಳ್ಳೆಯ ಗಿಟಾರುಗಳಲ್ಲಿ ಮೂಳೆಯದ್ದು, ಅಗ್ಗದವುಗಳಲ್ಲಿ ಪ್ಲಾಸ್ಟಿಕ್ಕಿನದ್ದು, ಕೆಲವು ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹಿತ್ತಾಳೆಯದ್ದು ಅಥವಾ ಗ್ರಾಫೈಟ್ ಬೆರೆಸಿದ್ದು. ತೆರೆದ ತಂತಿಯ ನಾದ ಹುಟ್ಟುವ ಗಡಿ ಇದು. ಸೀಳು ಆಳವಾದರೆ ತಂತಿ ಮೊದಲ ಫ್ರೆಟ್ಟಿಗೆ, ಅಂದರೆ ಮನೆಗಳನ್ನು ಬೇರ್ಪಡಿಸುವ ಲೋಹದ ಪಟ್ಟಿಗೆ, ತಾಗಿ ಝೇಂಕರಿಸುತ್ತದೆ, ಅಂಗಡಿಯಲ್ಲಿ ಗಿರಾಕಿ ಮೀಟಿ ನೋಡಿದಾಗ ಅದು ತಕ್ಷಣ ಕೇಳಿಸಿಬಿಡುತ್ತದೆ. ಸೀಳು ಎತ್ತರದಲ್ಲಿದ್ದರೆ ಹಾಗೆ ಕೇಳಿಸುವುದಿಲ್ಲ, ಬೆರಳಿಗಷ್ಟೇ ಗೊತ್ತಾಗುತ್ತದೆ, ಅದೂ ಮನೆಗೆ ಹೋದ ಮೇಲೆ. ಒಂದೊಂದು ಸೀಳನ್ನೂ ಕೈಯಿಂದ ಉಜ್ಜಿ ಸರಿಯಾದ ಆಳಕ್ಕೆ ತರಲು ಸಮಯ ಬೇಕು. ಅಗ್ಗದ ಗಿಟಾರಿನ ಬೆಲೆಯಲ್ಲಿ ಆ ಸಮಯಕ್ಕೆ ಜಾಗವಿರುವುದಿಲ್ಲ. ಹಾಗಾಗಿ ಎತ್ತರದಲ್ಲೇ ಬಿಟ್ಟು ಪೆಟ್ಟಿಗೆಗೆ ಹಾಕುತ್ತಾರೆ. ಕೊನೆಗೆ ಅತ್ಯಂತ ಮೃದುವಾದ ಬೆರಳಿನ ಹೊಸಬರ ಕೈಗೇ ಅತ್ಯಂತ ಗಡುಸಾದ ಗಿಟಾರ್ ಹೋಗಿ ಸೇರುತ್ತದೆ.

ಪರೀಕ್ಷೆ ಸುಲಭ. ಒಂದು ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ಟುಗಳ ನಡುವೆ ಒತ್ತಿ ಹಿಡಿಯಿರಿ. ಈಗ ಅದೇ ತಂತಿ ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಎತ್ತರದಲ್ಲಿ ಹಾದುಹೋಗುತ್ತದೆ ನೋಡಿ. ತೆಳ್ಳನೆಯ ಬೆಳಕಿನ ಗೆರೆಯೊಂದು ಕಾಣಬೇಕು. ಬೆರಳ ತುದಿಯಿಂದ ತಟ್ಟಿದರೆ ತಂತಿ ಫ್ರೆಟ್ಟಿಗೆ ತಾಗಿ ಸಣ್ಣಗೆ ಟಿಕ್ ಅನ್ನಬೇಕು. ಬರೆಯುವ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಅಂತರ ಅಷ್ಟಿದ್ದರೆ ಚೆನ್ನ. ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುವಷ್ಟಿದ್ದರೆ ನಟ್ ಎತ್ತರವಾಯಿತು. ಅಂತರವೇ ಇಲ್ಲದೆ ತಂತಿ ಫ್ರೆಟ್ಟಿಗೆ ಅಂಟಿಕೊಂಡಿದ್ದರೆ ಸೀಳು ಆಳವಾಯಿತು. ಆರೂ ತಂತಿಗಳನ್ನು ಹೀಗೆ ನೋಡಿ, ಸಾಮಾನ್ಯವಾಗಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಕಣ್ಣಿಗೆ ನಂಬಿಕೆ ಬಾರದಿದ್ದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕೇಪೊ ಎಂಬ ಕ್ಲಿಪ್ಪನ್ನು ಮೊದಲ ಫ್ರೆಟ್ಟಿಗೆ ಕಚ್ಚಿಸಿ ನುಡಿಸಿ. ಆಗ ಆ ಫ್ರೆಟ್ಟೇ ನಟ್ಟಿನ ಕೆಲಸ ಮಾಡುತ್ತದೆ. ಕೇಪೊ ಹಾಕಿದೊಡನೆ ಅದೇ ಎಫ್ ಆಕಾರ ಒಂದು ಮನೆ ಮೇಲೆ ಸಲೀಸಾಗಿ ಕೂತರೆ ಬೆರಳಿನ ಮೇಲಿದ್ದ ಆರೋಪ ಬಿದ್ದುಹೋಯಿತು.

ನಟ್ ಎತ್ತರವಾದರೆ ನೋವಿನ ಜೊತೆಗೆ ಶ್ರುತಿಯೂ ಕೆಡುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೈಸೂರಿನಲ್ಲಿ ಮೇಳ ಕಟ್ಟುವವರು ಕಿವಿಗೊಟ್ಟು ಕೇಳುತ್ತ ಒಂದೊಂದನ್ನೂ ಕೂದಲೆಳೆಯಷ್ಟು ಸರಿಸಿ ಸ್ವರ ಕೂಡಿಸುತ್ತಾರೆ. ಗಿಟಾರಿನ ಫ್ರೆಟ್ಟುಗಳು ಮರದಲ್ಲಿ ಬಡಿದು ಕೂರಿಸಿದವು, ಸರಿಯುವುದಿಲ್ಲ. ಅವುಗಳ ಜಾಗ ಲೆಕ್ಕದಿಂದ ನಿಗದಿಯಾಗಿರುತ್ತದೆ. ವಿಜ್ಞಾನಿ ಗೆಲಿಲಿಯೊನ ತಂದೆ ವಿನ್ಚೆಂಜೊ ಗೆಲಿಲಿ ಸಂಗೀತಗಾರ. ಅವನು 1581ರ ತನ್ನ ಗ್ರಂಥದಲ್ಲಿ ಲ್ಯೂಟ್ ವಾದ್ಯಕ್ಕೆ ಒಂದು ಸೂತ್ರ ಹೇಳಿದ: ಉಳಿದ ತಂತಿಯ ಉದ್ದದ 18ನೇ ಒಂದು ಭಾಗಕ್ಕೆ ಮುಂದಿನ ಮೆಟ್ಟಿಲು. ಇಂದು ಗಣಕಗಳು 18ರ ಬದಲು 17.817 ಎಂಬ ಸಂಖ್ಯೆ ಬಳಸುತ್ತವೆ. 648 ಮಿಲಿಮೀಟರ್ ಉದ್ದದ ತಂತಿಯಿರುವ ಗಿಟಾರಿನಲ್ಲಿ ಮೊದಲ ಫ್ರೆಟ್ ನಟ್ಟಿನಿಂದ ಸುಮಾರು 36.4 ಮಿಲಿಮೀಟರ್ ದೂರಕ್ಕೆ ಬರುತ್ತದೆ. ಸ್ವಾರಸ್ಯವೆಂದರೆ, ಹಳೆಯ 18ರ ಲೆಕ್ಕದಲ್ಲಿ ಪ್ರತಿ ಮೆಟ್ಟಿಲೂ ಕೂದಲೆಳೆಯಷ್ಟು ಕೆಳಗಿನ ಸ್ವರ ಕೊಡುತ್ತಿತ್ತು. ಬೆರಳು ಒತ್ತಿದಾಗ ತಂತಿ ಬಿಗಿದು ಸ್ವರ ಏರುವುದರಿಂದ ಆ ಕೊರತೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಇಂದಿನ ನಿಖರ ಲೆಕ್ಕದಲ್ಲಿ ಬೆರಳಿನ ಒತ್ತಡಕ್ಕೆ ರಿಯಾಯಿತಿ ಇಲ್ಲ.

ಈಗ ನಟ್ ಎತ್ತರವಿದೆ ಎನ್ನಿ. ಬರೀ 36 ಮಿಲಿಮೀಟರಿನೊಳಗೆ ತಂತಿ ಕಡಿದಾಗಿ ಕೆಳಗಿಳಿಯಬೇಕು, ಹಾಗೆ ಇಳಿಯುವಾಗ ಎಳೆತ ಹೆಚ್ಚಿ ಸ್ವರ ಏರುತ್ತದೆ. ಒಂದು ಅರ್ಧಸ್ವರವನ್ನು 100 ಸೆಂಟ್ ಎಂದು ಅಳೆಯುವುದು ರೂಢಿ. ಎತ್ತರದ ನಟ್ಟಿನಿಂದ ಮೊದಲ ಮನೆಯ ಸ್ವರ ಹತ್ತು ಹದಿನೈದು ಸೆಂಟ್ ಏರಿ ನಿಲ್ಲುವುದು ಸಾಮಾನ್ಯ, ಅಷ್ಟು ಸಾಕು ಕಿವಿ ಕಿರಿಕಿರಿಗೊಳ್ಳಲು. ತೆರೆದ ತಂತಿಗಳೆಲ್ಲ ಟ್ಯೂನರಿನಲ್ಲಿ ಹಸಿರು ತೋರಿಸುತ್ತವೆ, 12ನೇ ಫ್ರೆಟ್ಟಿನಲ್ಲೂ ಸ್ವರ ಸರಿಯಿದೆ, ಆದರೆ ಇ, ಸಿ, ಎಫ್ ಕಾರ್ಡುಗಳು ಹುಳಿಹುಳಿ. ಇಂಥ ಗಿಟಾರಿನ ಸ್ಯಾಡಲನ್ನು, ಅಂದರೆ ಮೈಮೇಲೆ ತಂತಿ ಕೂರುವ ಪಟ್ಟಿಯನ್ನು, ಹಿಂದೆ ಮುಂದೆ ಸರಿಸುತ್ತ ಕೂತರೆ ಪ್ರಯೋಜನವಿಲ್ಲ. ರೋಗ ವಾದ್ಯದ ಇನ್ನೊಂದು ತುದಿಯಲ್ಲಿದೆ.

ಇನ್ನು ಎರಡನೇ ತೊಂದರೆ, ಶ್ರುತಿ ನಿಲ್ಲದಿರುವುದು. ಎರಡು ಹಾಡಿನೊಳಗೆ ಮೂರನೇ ತಂತಿ ಇಳಿದುಬಿಡುತ್ತದೆ, ಮತ್ತೆ ತಿರುವಬೇಕು. ಎಲ್ಲರೂ ಮೊದಲು ಬೈಯುವುದು ಬಿರಡೆಯನ್ನು. ವೀಣೆ, ಪಿಟೀಲು ನೋಡಿ ಬೆಳೆದವರಿಗೆ ಅದು ಸಹಜ. ಅಲ್ಲಿ ಮರದ ಬಿರಡೆ ಬರೀ ಘರ್ಷಣೆಯ ಬಲದಿಂದ ನಿಂತಿರುತ್ತದೆ, ಹವೆ ಒಣಗಿದರೆ ನಿಜಕ್ಕೂ ಜಾರುತ್ತದೆ. ಗಿಟಾರಿನ ಬಿರಡೆಯೊಳಗಿರುವುದು ವರ್ಮ್ ಗೇರ್. ಅಲ್ಲಿ ತಿರುಪು ಹಲ್ಲುಚಕ್ರವನ್ನು ತಿರುಗಿಸುತ್ತದೆ, ಹಲ್ಲುಚಕ್ರ ತಿರುಪನ್ನು ತಿರುಗಿಸಲಾರದು. ಲೈಟ್ ಗೇಜಿನ ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ತೂಕದಷ್ಟು ಎಳೆಯುತ್ತಿದ್ದರೂ ಸುಸ್ಥಿತಿಯಲ್ಲಿರುವ ಬಿರಡೆ ತಾನಾಗಿ ಹಿಂದೆ ತಿರುಗುವುದಿಲ್ಲ. ಹೊಸ ಬಿರಡೆಗಳ ಸೆಟ್ಟಿಗೆ ದುಡ್ಡು ಸುರಿಯುವ ಮುಂಚೆ ನಟ್ಟಿನ ಕಡೆ ಕಿವಿ ಕೊಡಿ.

ಅಕ್ಷರಶಃ ಕಿವಿಯನ್ನೇ ಕೊಡಬೇಕು. ಬಿರಡೆಯನ್ನು ನಿಧಾನ ತಿರುಗಿಸುತ್ತ ಹೋದಾಗ ಸ್ವರ ಮೆಲ್ಲಗೆ ಏರದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಟಿಂಗ್ ಎಂಬ ಸದ್ದಿನೊಡನೆ ಒಮ್ಮೆಲೇ ಜಿಗಿದರೆ ತಂತಿ ಸೀಳಿನಲ್ಲಿ ಸಿಕ್ಕಿಕೊಂಡಿದೆ ಎಂದು ಅರ್ಥ. ಬಿರಡೆಗೂ ನಟ್ಟಿಗೂ ನಡುವಿನ ತುಂಡು ತಂತಿಯಲ್ಲಿ ಮೊದಲು ಎಳೆತ ಕೂಡುತ್ತ ಹೋಗುತ್ತದೆ, ಸೀಳಿನ ಘರ್ಷಣೆಯನ್ನು ಮೀರಿದ ಕ್ಷಣ ಆಚೆಗೆ ಜಾರುತ್ತದೆ. ತಂತಿಯನ್ನು ಪಕ್ಕಕ್ಕೆಳೆದು ಬೆಂಡ್ ಮಾಡಿದಾಗ ಇದರ ಉಲ್ಟಾ. ಎಳೆತಕ್ಕೆ ಬಿರಡೆಯ ಕಡೆಯಿಂದ ಒಂದಿಷ್ಟು ತಂತಿ ಈಚೆ ಬರುತ್ತದೆ, ಬೆರಳು ಬಿಟ್ಟಾಗ ವಾಪಸ್ ಹೋಗಲಾರದೆ ಅಲ್ಲೇ ಉಳಿಯುತ್ತದೆ, ಸ್ವರ ಇಳಿಯುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ನಟ್ಟಿನ ಹಿಂದಿನ ತುಂಡು ತಂತಿಯನ್ನು ಬೆರಳಿನಿಂದ ಒಮ್ಮೆ ಕೆಳಗೊತ್ತಿ ಬಿಡಿ. ಇಳಿದಿದ್ದ ಸ್ವರ ಮೇಲೇರಿತೋ, ತಪ್ಪಿತಸ್ಥ ನಟ್. ಲೆಸ್ ಪಾಲ್ ಮಾದರಿಯ ಗಿಟಾರುಗಳಲ್ಲಿ ಮೂರನೇ ತಂತಿ, ಅಂದರೆ ಜಿ ತಂತಿ, ಇದಕ್ಕೆ ಹೆಸರುವಾಸಿ. ಅಲ್ಲಿ ತಲೆ ಹಿಂದಕ್ಕೆ ಬಾಗಿದೆ, ಮೇಲಾಗಿ ತಂತಿ ಪಕ್ಕಕ್ಕೂ ತಿರುಗಿ ಬಿರಡೆ ಸೇರಬೇಕು. ಎರಡು ಕಡೆ ಬಾಗಿದ ತಂತಿಯನ್ನು ಸೀಳು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈ ಘರ್ಷಣೆಯ ಕಾಟದಿಂದಲೇ ಒಂದು ದೊಡ್ಡ ಆವಿಷ್ಕಾರ ಹುಟ್ಟಿತು. 1954ರ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಸ್ವರ ನಡುಗಿಸುವ ಟ್ರೆಮೊಲೊ ಹಿಡಿಕೆಯನ್ನು ಜೋರಾಗಿ ಅಲ್ಲಾಡಿಸಿದರೆ ಶ್ರುತಿ ಕೆಡುತ್ತಿತ್ತು. ಫ್ಲಾಯ್ಡ್ ರೋಸ್ ಎಂಬ ಅಮೆರಿಕದ ಗಿಟಾರ್ ವಾದಕ ತಂತಿ ನಟ್ಟಿನಲ್ಲಿ ಜಾರುವುದೇ ಇದಕ್ಕೆ ಕಾರಣವೆಂದು ಗುರುತಿಸಿದ. ಜಾರಲು ಬಿಡುವ ಬದಲು ನಟ್ಟಿನಲ್ಲೇ ತಂತಿಯನ್ನು ತಿರುಪಿನಿಂದ ಕಚ್ಚಿ ಹಿಡಿಯುವ ಏರ್ಪಾಡು ಮಾಡಿ 1979ರಲ್ಲಿ ಪೇಟೆಂಟ್ ಪಡೆದ. ನಮ್ಮ ಮನೆಯ ಸಾಧಾರಣ ಗಿಟಾರಿಗೆ ಅಷ್ಟೆಲ್ಲ ಬೇಡ. ಒಂದು ಪೆನ್ಸಿಲ್ ಸಾಕು.

ಚಿತ್ರ ಬರೆಯುವವರ 4ಬಿ ಅಥವಾ 6ಬಿ ಪೆನ್ಸಿಲಿನಲ್ಲಿ ಗ್ರಾಫೈಟ್ ಹೆಚ್ಚು, ಜೇಡಿ ಕಡಿಮೆ. ಒಂದು ಸಲಕ್ಕೆ ಒಂದೇ ತಂತಿ ಸಡಿಲಿಸಿ, ಸೀಳಿನಿಂದ ಎತ್ತಿ ಪಕ್ಕಕ್ಕಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೀಳಿನ ಕೊಳೆ ತೆಗೆಯಿರಿ. ಪೆನ್ಸಿಲನ್ನು ಚೂಪು ಮಾಡಿ ಸೀಳಿನ ತಳಕ್ಕೂ ಗೋಡೆಗಳಿಗೂ ಚೆನ್ನಾಗಿ ತಿಕ್ಕಿ. ಗ್ರಾಫೈಟ್ ಪುಡಿಗೆ ಸಾಸಿವೆಯಷ್ಟು ಪೆಟ್ರೋಲಿಯಂ ಜೆಲ್ಲಿ ಕಲಸಿ ಕಡ್ಡಿಯಿಂದ ಹಚ್ಚಿದರೆ ಇನ್ನಷ್ಟು ದಿನ ನಿಲ್ಲುತ್ತದೆ. ಅಡುಗೆ ಎಣ್ಣೆ ಮಾತ್ರ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ, ಮರಕ್ಕೂ ಇಳಿಯುತ್ತದೆ. ತಂತಿ ಕೂರಿಸಿ, ಮತ್ತೆ ತಿರುವಿ ಕೇಳಿ. ಟಿಂಗ್ ಹೋಗಿದ್ದರೆ ಕೆಲಸ ಮುಗಿಯಿತು. ಹೋಗದಿದ್ದರೆ ಸೀಳು ಕಿರಿದಾಗಿದೆ. ಮೊದಲಿಗಿಂತ ದಪ್ಪ ತಂತಿ ಹಾಕಿದವರಿಗೆ ಈ ತೊಂದರೆ ಬಂದೇ ಬರುತ್ತದೆ.

ತಂತಿ ಕಟ್ಟುವ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಿರಡೆಯ ಕಂಬಕ್ಕೆ ಎರಡು ಮೂರು ಸುತ್ತು, ಒಂದರ ಕೆಳಗೊಂದು ಸಾಲಾಗಿ ಬರಬೇಕು. ಹತ್ತು ಸುತ್ತು ಸಿಕ್ಕುಸಿಕ್ಕಾಗಿ ಸುತ್ತಿದರೆ ಅವು ವಾರಗಟ್ಟಲೆ ಬಿಗಿದುಕೊಳ್ಳುತ್ತಲೇ ಇರುತ್ತವೆ, ಸ್ವರ ಇಳಿಯುತ್ತಲೇ ಇರುತ್ತದೆ. ಹೊಸ ತಂತಿಯನ್ನು ಶ್ರುತಿಗೆ ತಂದು, ನಡುವೆ ಹಿಡಿದು ಹದವಾಗಿ ಎತ್ತಿ ಎಳೆಯಿರಿ, ಮತ್ತೆ ಶ್ರುತಿಗೆ ತನ್ನಿ, ಇಳಿಯುವುದು ನಿಲ್ಲುವ ತನಕ. ಶ್ರುತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಸ್ವರ ಮೀರಿ ಏರಿದರೆ ಇನ್ನೂ ಕೆಳಕ್ಕಿಳಿಸಿ ಮತ್ತೆ ಏರಿಸಿ, ಆಗ ಗೇರಿನ ಹಲ್ಲುಗಳ ನಡುವಿನ ಸಡಿಲ ಉಳಿಯುವುದಿಲ್ಲ.

ಸೀಳು ಉಜ್ಜುವ ಕೆಲಸಕ್ಕೆ ಕೈ ಹಾಕುವ ಮುಂಚೆ ಗಿಟಾರಿನ ಕುತ್ತಿಗೆ ನೆಟ್ಟಗಿದೆಯೇ ನೋಡಲೇಬೇಕು. ಒಂದೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿದಾಗ ಏಳೆಂಟನೇ ಫ್ರೆಟ್ಟಿನ ಮೇಲೆ 0.2ರಿಂದ 0.3 ಮಿಲಿಮೀಟರ್ ಅಂತರ ಇದ್ದರೆ ಸರಿ. ಹೆಚ್ಚು ಕಡಿಮೆಯಾಗಿದ್ದರೆ ಮೊದಲು ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ಹೊಂದಿಸಬೇಕು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದೇ ಮರ ಒಣಗಿ ಕುಗ್ಗುತ್ತದೆ. ಜುಲೈನಲ್ಲಿ ಎತ್ತರ ಕಂಡ ತಂತಿ ಫೆಬ್ರವರಿಯಲ್ಲಿ ತಾನೇ ಇಳಿದಿರಬಹುದು. ಕುತ್ತಿಗೆ ಸರಿಮಾಡದೆ ನಟ್ ಉಜ್ಜಿದವರು ಋತು ಬದಲಾದಾಗ ಪರಿತಪಿಸುತ್ತಾರೆ. ಕರಾವಳಿಯ ಉಪ್ಪು ಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿದು ಸೀಳಿನಲ್ಲಿ ಒರಟಾಗುವುದೂ ಉಂಟು. ಅಲ್ಲಿ ನುಡಿಸಿದ ಮೇಲೆ ತಂತಿ ಒರೆಸುವ ಅಭ್ಯಾಸವೇ ಅರ್ಧ ರಿಪೇರಿ.

ನಟ್ ಉಜ್ಜಲೆಂದೇ ಮಾಡಿದ ಅರಗಳು ದುಬಾರಿ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಗ್ಯಾಸ್ ವೆಲ್ಡಿಂಗ್ ನಾಝಲ್ ಶುಚಿಮಾಡುವ ಒರಟು ತಂತಿಗಳ ಗೊಂಚಲು ಅಗ್ಗಕ್ಕೆ ಸಿಗುತ್ತದೆ. ಬೇರೆ ಬೇರೆ ದಪ್ಪದ ಆ ಕಡ್ಡಿಗಳು ಮೂಳೆಯನ್ನೂ ಪ್ಲಾಸ್ಟಿಕ್ಕನ್ನೂ ಚೆನ್ನಾಗಿ ತೇಯುತ್ತವೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಅದನ್ನು ಕೊಂಡು, ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ ಸಣ್ಣ ಅಂತರ ಅಳೆಯುವ ಒಂದು ಫೀಲರ್ ಗೇಜ್ ಕೊಂಡರೆ ಮನೆಯ ಸಲಕರಣೆ ಪೂರ್ತಿಯಾಯಿತು. ತಂತಿಗಿಂತ ಕೂದಲೆಳೆಯಷ್ಟೇ ದಪ್ಪದ ಕಡ್ಡಿ ಆರಿಸಿ. ಅತಿ ದಪ್ಪ ತಂತಿ 1.35 ಮಿಲಿಮೀಟರ್ ಇರುವ ಸೆಟ್ಟಿನಲ್ಲಿ ಅತಿ ತೆಳುವಾದದ್ದು 0.30 ಇರುತ್ತದೆ, ಒಂದೇ ಕಡ್ಡಿ ಎಲ್ಲಕ್ಕೂ ಆಗದು. ತಲೆಯ ಹಲಗೆಗೂ ಫ್ರೆಟ್ ಹಲಗೆಗೂ ಟೇಪ್ ಅಂಟಿಸಿ ಕಾಪಾಡಿ. ನಾಲ್ಕೈದು ಸಲ ಉಜ್ಜಿ, ತಂತಿ ಕೂರಿಸಿ, ಶ್ರುತಿಗೆ ತಂದು, ಮೂರನೇ ಫ್ರೆಟ್ಟಿನ ಪರೀಕ್ಷೆ ಮಾಡಿ. ಮತ್ತೆ ನಾಲ್ಕೈದು ಸಲ. ಬೇಸರವೆನಿಸಿದ ಕ್ಷಣ ಎದ್ದುಹೋಗಿ ನಾಳೆ ಬನ್ನಿ. ತಾಳ್ಮೆ ತಪ್ಪಿದವರ ಕೈಯಲ್ಲೇ ಸೀಳು ಆಳವಾಗುವುದು.

ಉಜ್ಜುವಾಗ ಕಡ್ಡಿಯ ಓರೆಯ ಬಗ್ಗೆ ಎಚ್ಚರ ಬೇಕು. ಸೀಳು ಬಿರಡೆಯ ಕಡೆಗೆ ಇಳಿಜಾರಾಗಿರಬೇಕು, ಅದರ ಅತಿ ಎತ್ತರದ ಬಿಂದು ಫ್ರೆಟ್ ಹಲಗೆಯ ಅಂಚಿನಲ್ಲೇ ಇರಬೇಕು. ತಂತಿ ಅಲ್ಲಿಂದ ಖಚಿತವಾಗಿ ಹೊರಟರೆ ಸ್ವರ ಶುಭ್ರ. ಸೀಳಿನ ತಳ ಚಪ್ಪಟೆಯಾಗಿದ್ದರೆ ಅಥವಾ ಎತ್ತರದ ಬಿಂದು ಹಿಂದೆ ಸರಿದಿದ್ದರೆ ಕಂಪಿಸುವ ತಂತಿ ತಳವನ್ನು ಮತ್ತೆ ಮತ್ತೆ ಸವರುತ್ತ ಝಂಯ್ ಎನ್ನುತ್ತದೆ. ತಂಬೂರಿಯ ಕುದುರೆಯ ಮೇಲೆ ನಾವು ಬೇಕೆಂದೇ ಹತ್ತಿಯ ಎಳೆ ತೂರಿಸಿ ಹೊರಡಿಸುವ ಜವಾರಿಯ ನಾದ ಹುಟ್ಟುವುದು ಇದೇ ತತ್ವದಿಂದ. ಅಲ್ಲಿ ಜೀವ ತುಂಬುವ ಗುಣ ಗಿಟಾರಿನಲ್ಲಿ ತೆರೆದ ತಂತಿಯನ್ನಷ್ಟೇ ಸಿತಾರಿನಂತೆ ಕೇಳಿಸಿ ಉಳಿದ ಸ್ವರಗಳಿಂದ ಬೇರೆ ಮಾಡಿಬಿಡುತ್ತದೆ.

ಸೀಳು ಆಗಲೇ ಆಳವಾಗಿಹೋಗಿದ್ದರೆ? ತೆರೆದ ತಂತಿ ಮಾತ್ರ ಝೇಂಕರಿಸಿ, ಯಾವುದೇ ಫ್ರೆಟ್ಟಿನಲ್ಲಿ ಒತ್ತಿದೊಡನೆ ಸದ್ದು ನಿಂತರೆ ಅದೇ ಅದರ ಗುರುತು. ಅಡುಗೆ ಸೋಡಾ ಮತ್ತು ಫೆವಿಕ್ವಿಕ್ ಥರದ ಸೂಪರ್ ಗ್ಲೂ ಇದಕ್ಕೆ ಮದ್ದು. ಸೀಳಿಗೆ ಸೋಡಾ ತುಂಬಿ ಕಡ್ಡಿಯಿಂದ ಅದುಮಿ, ಸೂಜಿಯ ತುದಿಯಿಂದ ಒಂದು ಹನಿ ಗ್ಲೂ ಮುಟ್ಟಿಸಿದರೆ ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ. ಆಗ ಬಿಸಿಯೂ ಹುಟ್ಟುತ್ತದೆ, ಕಣ್ಣು ಉರಿಸುವ ಆವಿಯೂ ಏಳುತ್ತದೆ. ಕಿಟಕಿ ತೆರೆದಿಡಿ, ಮುಖ ದೂರವಿಡಿ, ಮಕ್ಕಳ ಕೈಗೆ ಕೊಡಬೇಡಿ. ಗಿಟಾರಿನ ಪಾಲಿಶ್ ಮೇಲೆ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ, ಟೇಪ್ ಅಂಟಿಸದೆ ಬಾಟಲಿ ತೆರೆಯಲೇಬೇಡಿ. ಗಟ್ಟಿಯಾದ ಮೇಲೆ ಮತ್ತೆ ಹದವಾಗಿ ಉಜ್ಜಿ ಸೀಳು ಮಾಡಿ. ಸೋಡಾದ ಬದಲು ಮೂಳೆಯ ನಟ್ಟಿನ ಪುಡಿ ಸಿಕ್ಕರೆ ಇನ್ನೂ ಗಟ್ಟಿ. ಇದು ಎಷ್ಟೋ ಕಾಲ ಬಾಳುತ್ತದೆ, ಆದರೂ ನಾನಿದನ್ನು ತೇಪೆ ಎಂದೇ ಕರೆಯುತ್ತೇನೆ.

ಆರೂ ಸೀಳುಗಳು ಒಂದೇ ಪ್ರಮಾಣದಲ್ಲಿ ಎತ್ತರವಿದ್ದರೆ ಒಂದೊಂದನ್ನೇ ಉಜ್ಜುವುದು ಬೇಡ. ನಟ್ಟನ್ನೇ ಕಳಚಿ ತಳವನ್ನು ತೇಯಬಹುದು. ಅಂಚಿನ ಪಾಲಿಶ್ ಪದರವನ್ನು ಬ್ಲೇಡಿನಿಂದ ಗೀರಿ, ಫ್ರೆಟ್ ಹಲಗೆಯ ಕಡೆಯಿಂದ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಅದು ಬಿಟ್ಟುಕೊಳ್ಳುತ್ತದೆ. ಗಾಜಿನ ಮೇಲೆ ಮರಳು ಕಾಗದ ಹರವಿ ತಳವನ್ನು ಸಮನಾಗಿ ತೇಯಿರಿ. ಕೂರಿಸುವಾಗ ಎರಡು ಚುಕ್ಕಿ ಫೆವಿಕಾಲ್ ಸಾಕು, ತಂತಿಗಳ ಒತ್ತಡವೇ ಉಳಿದದ್ದನ್ನು ಹಿಡಿದಿರುತ್ತದೆ. ಸೂಪರ್ ಗ್ಲೂ ಇಲ್ಲಿ ಬೇಡ, ಮುಂದೆ ಕಳಚುವವರು ಮರವನ್ನೇ ಕಿತ್ತುಕೊಂಡಾರು. ಮೂಳೆಯ ನಟ್ಟಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೆಲೆಬಾಳುವ ಅಥವಾ ಮನೆತನದ ಗಿಟಾರ್ ಆಗಿದ್ದರೆ ಕುಶಲಕರ್ಮಿಯ ಕೈಗೇ ಕೊಡಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ಕೆಲವರಿಗೆ ಸಮಾಧಾನ ಸಿಗುವುದಿಲ್ಲ. ಇ ಮೇಜರ್ ಕಾರ್ಡ್ ಜೇನಿನಂತೆ ಕೂಡುವವರೆಗೆ ಮೂರನೇ ತಂತಿಯನ್ನು ಇಳಿಸುತ್ತಾರೆ, ಆಮೇಲೆ ಜಿ ಕಾರ್ಡ್ ಕೆಟ್ಟುಹೋಗುತ್ತದೆ. ಅದನ್ನು ಸರಿಮಾಡಿದರೆ ಇ ಕೆಡುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಲ್ಲಿ ಈ ತಳಮಳ ಇನ್ನೂ ಹೆಚ್ಚು, ಅದಕ್ಕೆ ಗೌರವಿಸಬೇಕಾದ ಕಾರಣವಿದೆ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ, ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಷಡ್ಜದಿಂದ 386 ಸೆಂಟ್ ದೂರದಲ್ಲಿದೆ. ಗಿಟಾರಿನ ಫ್ರೆಟ್ಟುಗಳು ಕೊಡುವ ಗಾಂಧಾರ 400 ಸೆಂಟ್. ಈ 14 ಸೆಂಟ್ ವ್ಯತ್ಯಾಸ ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚಿದ್ದರಿಂದ ಬಂದದ್ದು. ಯಾವ ನಟ್ಟಿನ ರಿಪೇರಿಯೂ ಅದನ್ನು ತೆಗೆಯಲಾರದು. ಐದನೇ ಮತ್ತು ಏಳನೇ ಫ್ರೆಟ್ಟಿನ ಹಾರ್ಮೋನಿಕ್ ಕೇಳಿ ಶ್ರುತಿ ಮಾಡುವವರಿಗೂ ಸಣ್ಣ ಮಟ್ಟದಲ್ಲಿ ಇದೇ ಆಗುತ್ತದೆ. ಏಳನೆಯದು ಶುದ್ಧ ಪಂಚಮ, 702 ಸೆಂಟ್. ಫ್ರೆಟ್ಟಿನ ಪಂಚಮ 700. ಎರಡೆರಡು ಸೆಂಟ್ ತಂತಿಯಿಂದ ತಂತಿಗೆ ಕೂಡುತ್ತ ಹೋಗುತ್ತದೆ. ಹಾಗಾಗಿ ಆರೂ ತಂತಿಗಳನ್ನು ಟ್ಯೂನರಿಗೆ ಹೊಂದಿಸಿ, ಇ, ಎ, ಡಿ, ಜಿ, ಸಿ ಕಾರ್ಡುಗಳನ್ನು ಒಂದಾದ ಮೇಲೊಂದು ನುಡಿಸಿ ನೋಡಿ. ಯಾವುದೂ ಕರ್ಕಶವಾಗಿಲ್ಲದಿದ್ದರೆ ಬಿರಡೆಯಿಂದ ಕೈ ತೆಗೆಯಿರಿ.

ಆ ಗಾಂಧಾರವೇ ಬೇಕು ಎನ್ನುವವರಿಗೂ ದಾರಿಯಿದೆ. ಹಿಂದೂಸ್ತಾನಿ ಗಿಟಾರ್ ವಾದಕ ಬ್ರಿಜ್ ಭೂಷಣ್ ಕಾಬ್ರಾ, ಅವರ ನಂತರ ಮೋಹನ ವೀಣೆಯ ವಿಶ್ವಮೋಹನ ಭಟ್ ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಫ್ರೆಟ್ಟಿಗೆ ಒತ್ತದೆ ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಿ ನುಡಿಸಿದರು. ಸರಳು ಎಲ್ಲಿ ನಿಲ್ಲುತ್ತದೋ ಅಲ್ಲೇ ಸ್ವರ. ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂದದ್ದು ಈ ಬಗೆಯ ವಾದನಕ್ಕೇ. ಹೀಗೆ ನುಡಿಸುವವರಿಗೆ ತಂತಿ ಫ್ರೆಟ್ಟಿನಿಂದ ದೂರವೇ ಇರಬೇಕು, ನಟ್ ಎತ್ತರವೇ ಬೇಕು. ಮಾಮೂಲಿ ಗಿಟಾರಿನ ನಟ್ಟಿನ ಮೇಲೆ ಕೂರಿಸಿ ತಂತಿ ಎತ್ತರಿಸುವ ಲೋಹದ ತೊಡಿಗೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕುತ್ತಿಗೆ ಬಾಗಿ, ಫ್ರೆಟ್ ಸವೆದು ಇನ್ನು ಒತ್ತಿ ನುಡಿಸಲಾಗದು ಅನಿಸಿದ ಹಳೆಯ ಗಿಟಾರ್ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಮುಂಚೆ ಆ ತೊಡಿಗೆ ಹಾಕಿ, ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿ, ಒಂದು ಸರಳು ಜಾರಿಸಿ ನೋಡಿ.